ಚಿಂಚೋಳಿ ಕಾಡು, ಬೋನಾಳ ಕೆರೆ: ಗೆಳೆಯರೊಂದಿಗೆ ನಾಲ್ಕು ದಿನದ ಚಾರಣಕ್ಕೆ ಹಂತಹಂತದ ಮಾರ್ಗದರ್ಶಿ

ಕಲಬುರಗಿ, ಬೀದರ, ಯಾದಗಿರಿಗಳಿಂದ ಉತ್ಸಾಹದಲ್ಲಿ ಹೊರಡುವ ಗೆಳೆಯರ ತಂಡಗಳಲ್ಲಿ ಹಲವು ಎರಡನೆಯ ದಿನದ ಮಧ್ಯಾಹ್ನಕ್ಕೇ ಚಾರಣ ಕೈಬಿಟ್ಟು, ಹತ್ತಿರದ ಟಾರು ರಸ್ತೆ ಹುಡುಕಿಕೊಂಡು ಹೋಗಿ ಜೀಪಿಗೆ ಕೈ ಮಾಡುತ್ತವೆ. ಬಿಸಿಲು ಜಾಸ್ತಿಯಾಯಿತು, ಕಾಲು ಬೊಬ್ಬೆ ಬಂತು, ಕಾವಲುಗಾರರು ತಡೆದರು ಎಂಬ ಕಾರಣಗಳು ಕೇಳಿಬರುತ್ತವೆಯಾದರೂ ತಪ್ಪು ನಡೆದಿರುವುದು ಮನೆಯಲ್ಲಿ ಕುಳಿತು ಯೋಜನೆ ಹಾಕುವಾಗ. ಮೊದಲು ಮೊಬೈಲಿನ ನಕ್ಷೆಯಲ್ಲಿ ದಾರಿ ಗುರುತಿಸಿ, ನೀರು, ಅನುಮತಿ, ರಾತ್ರಿಯ ಠಿಕಾಣಿಗಳನ್ನು ಆಮೇಲೆ ಆ ದಾರಿಗೆ ಹೊಂದಿಸಲು ಹೋಗುವುದೇ ಆ ತಪ್ಪು. ಆದ್ದರಿಂದ ಇಲ್ಲಿ ಕೆಲಸಗಳ ಅನುಕ್ರಮಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಉದಾಹರಣೆಗಾಗಿ ತೆಗೆದುಕೊಂಡಿರುವ ಚಾರಣದಲ್ಲಿ ಮೂರು ದಿನ ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ, ಗೊಟ್ಟಂಗೊಟ್ಟ, ಕುಂಚಾವರಂ ಕಡೆಯ ಕುರುಚಲು ಕಾಡಿನಲ್ಲಿ, ಕೊನೆಯ ದಿನ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮದ ಕೆರೆಯಂಚಿನಲ್ಲಿ ನಡೆಯಬೇಕಾಗುತ್ತದೆ. ಇವೆರಡರ ನಡುವಿನ ದೂರವನ್ನು ಬಸ್ಸಿನಲ್ಲೋ ಬಾಡಿಗೆ ವಾಹನದಲ್ಲೋ ಕ್ರಮಿಸಬೇಕಾಗಿರುವುದರಿಂದ, ಮೂರನೆಯ ದಿನದ ನಡಿಗೆ ಮಧ್ಯಾಹ್ನದೊಳಗೆ ಮುಗಿಯುವಂತಿರಬೇಕು.

## 1. ತಿಂಗಳು ಮತ್ತು ನೀರನ್ನು ಮೊದಲು ಗೊತ್ತುಮಾಡಿ

ನಮ್ಮ ಭಾಗದಲ್ಲಿ ಹಲವು ದಿನಗಳ ನಡಿಗೆಗೆ ನವೆಂಬರ್ ಮಧ್ಯದಿಂದ ಫೆಬ್ರುವರಿ ಮೊದಲ ವಾರದವರೆಗಿನ ಅವಧಿ ಮಾತ್ರ ತಕ್ಕದ್ದು. ಅಕ್ಟೋಬರಿನಲ್ಲಿ ಕಾಡು ಹಸಿರಾಗಿ ಕಂಡರೂ ಹಿಂಗಾರಿನ ಒಂದೇ ದೊಡ್ಡ ಮಳೆಗೆ ಹಳ್ಳಗಳು ತುಂಬಿ ಬರುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ಈ ಭಾಗದವರು ಮರೆತಿರಲಾರರು. ಫೆಬ್ರುವರಿ ಕಳೆದರೆ ಎಲೆ ಉದುರಿ ನೆರಳು ಇಲ್ಲವಾಗುತ್ತದೆ, ಹಳ್ಳಗಳು ಬತ್ತುತ್ತವೆ, ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ.

ತಿಂಗಳು ಗೊತ್ತಾದ ಮೇಲೆ ನೀರಿನ ಲೆಕ್ಕ ಹಾಕಬೇಕು. ಚಳಿಗಾಲದಲ್ಲೂ ನಡೆಯುವ ಒಬ್ಬರಿಗೆ ಬೆಳಗಿನಿಂದ ಸಂಜೆಯವರೆಗೆ ಕುಡಿಯಲು 3 ಲೀಟರ್, ರಾತ್ರಿಯ ಅಡುಗೆಗೆ ಮತ್ತು ಕುಡಿಯಲು ಇನ್ನು 2 ಲೀಟರ್ ಬೇಕೆಂದು ಹಿಡಿಯಿರಿ. ಐದು ಜನರ ತಂಡಕ್ಕೆ ಇದು ದಿನಕ್ಕೆ 25 ಲೀಟರ್, ಅಂದರೆ 25 ಕಿಲೋ ಭಾರ. ಎರಡು ದಿನದ ನೀರನ್ನು ಹೊತ್ತುಕೊಂಡು ಯಾರೂ ನಡೆಯಲಾರರು. ಆದ್ದರಿಂದ ಪ್ರತಿದಿನ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಭರವಸೆಯ ನೀರು ಸಿಗುವ ಜಾಗಗಳನ್ನು ಮೊದಲು ಗುರುತಿಸಿ, ಆಮೇಲೆ ಅವುಗಳನ್ನು ಜೋಡಿಸುವ ಹಾದಿ ಹುಡುಕಬೇಕು.

ಭರವಸೆಯ ನೀರು ಯಾವುದು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದಕ್ಕೆ ಚಿಲ್ಲರೆ ನಾಣ್ಯ ಬೇಕು, ಕರೆಂಟ್ ಇರಬೇಕು, ಮತ್ತು ಎಷ್ಟೋ ಊರುಗಳಲ್ಲಿ ಅದು ಕೆಟ್ಟು ನಿಂತಿರುತ್ತದೆ. ಹೊರಡುವ ವಾರ ಆ ಊರಿನ ಯಾರಿಗಾದರೂ ಫೋನು ಮಾಡಿ ಕೇಳಿಕೊಳ್ಳುವುದು ಅಗತ್ಯ. ಬೋರ್‌ವೆಲ್ ನೀರು ಎರಡನೆಯ ಆಯ್ಕೆಯಾಗಿದ್ದು, ಕುಡಿಯಲು ಯೋಗ್ಯವಲ್ಲ ಎಂದು ಬರೆದಿರುವ ಕೊಳವೆಬಾವಿಯನ್ನು ಬಿಟ್ಟುಬಿಡಬೇಕು, ಏಕೆಂದರೆ ಫ್ಲೋರೈಡಿನಂಥ ದೋಷ ಕುದಿಸಿದರೂ ಹೋಗುವುದಿಲ್ಲ. ಹರಿಯುವ ಹಳ್ಳದ ನೀರನ್ನು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ಗುಳ್ಳೆ ಬರುವಂತೆ ಕನಿಷ್ಠ ಒಂದು ನಿಮಿಷ ಕುದಿಸಬಹುದು ಅಥವಾ ಕ್ಲೋರಿನ್ ಮಾತ್ರೆ ಹಾಕಿ ಚೀಟಿಯಲ್ಲಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆ, ಬಿಡಬಹುದು. ಸೋಸದೆ ರಾಡಿ ನೀರಿಗೆ ಮಾತ್ರೆ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ನಿಂತ ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂಥ ಪದರ ಕಂಡರೆ ಆ ನೀರನ್ನು ಕುದಿಸಿಯೂ ಕುಡಿಯಬಾರದು. ಅಂಥ ಪಾಚಿಯ ವಿಷ ಕುದಿತಕ್ಕೆ ನಾಶವಾಗುವುದಿಲ್ಲ.

## 2. ಅನುಮತಿ ಮತ್ತು ರಾತ್ರಿಯ ಠಿಕಾಣಿ

ಚಿಂಚೋಳಿಯ ಸುಮಾರು 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿ ಘೋಷಿತವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗೆ ಅನುಮತಿ ಇಲ್ಲದೆ ಓಡಾಡುವುದು, ಬೆಂಕಿ ಹಚ್ಚುವುದು, ಆಯುಧ ಒಯ್ಯುವುದು ಅಪರಾಧ. "ಊರವರೆಲ್ಲ ಓಡಾಡುತ್ತಾರಲ್ಲ" ಎಂಬ ವಾದ ನಡೆಯುವುದಿಲ್ಲ. ಊರವರಿಗೆ ಇರುವ ಹಕ್ಕು ಹೊರಗಿನವರಿಗೆ ಇಲ್ಲ.

ಹೊರಡುವುದಕ್ಕೆ ಎರಡು ವಾರ ಮೊದಲೇ ಅರಣ್ಯ ಇಲಾಖೆಯ ಕಚೇರಿಗೆ ಖುದ್ದಾಗಿ ಹೋಗಿ ಕನ್ನಡದಲ್ಲೇ ಅರ್ಜಿ ಕೊಡಿ. ತಂಡದ ಎಲ್ಲರ ಹೆಸರು, ಗುರುತಿನ ಚೀಟಿಯ ಪ್ರತಿ, ದಿನಾಂಕ, ಒಳಹೋಗುವ ಮತ್ತು ಹೊರಬರುವ ಜಾಗ, ವಾಹನದ ಸಂಖ್ಯೆ, ಮನೆಯಲ್ಲಿರುವ ಒಬ್ಬರ ಫೋನ್ ಸಂಖ್ಯೆ ಅದರಲ್ಲಿರಲಿ. ಅಲ್ಲಿಯೇ ಸ್ಥಳೀಯ ಮಾರ್ಗದರ್ಶಿಯೊಬ್ಬರನ್ನು ಜೊತೆಗೆ ಕಳುಹಿಸಲು ಕೇಳಿಕೊಂಡು, ದಿನಗೂಲಿಯನ್ನು ಮೊದಲೇ ಮಾತಾಡಿಕೊಳ್ಳಿ. ಮಾರ್ಗದರ್ಶಿಗೆ ಕೊಡುವ ಹಣದಲ್ಲಿ ಚೌಕಾಶಿ ಮಾಡುವ ತಂಡವು ದನದ ಹಾದಿಗಳ ಕವಲಿನಲ್ಲಿ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ.

ರಾತ್ರಿಯ ಠಿಕಾಣಿ ಕಾಡಿನ ಒಳಗೆ ಬೇಡ. ಇಲಾಖೆಯೇ ವ್ಯವಸ್ಥೆ ಮಾಡಿಕೊಟ್ಟ ಜಾಗದ ಹೊರತು, ಕಾಡಂಚಿನ ಊರು ಅಥವಾ ತಾಂಡಾದಲ್ಲಿ ಉಳಿಯುವಂತೆ ಯೋಜಿಸಬೇಕು. ತಾಂಡಾದಲ್ಲಿ ಮೊದಲು ನಾಯಕರನ್ನು ಕಂಡು, ಎಷ್ಟು ಜನ, ಎಲ್ಲಿಂದ ಬಂದದ್ದು, ಎಷ್ಟು ಹೊತ್ತಿಗೆ ಹೊರಡುವುದು ಎಂದು ಹೇಳಿದರೆ ಗುಡಿಯ ಮುಂದಿನ ಕಟ್ಟೆಯೋ ಸಮುದಾಯ ಭವನವೋ ಸಿಗುತ್ತದೆ. ಕತ್ತಲಾದ ಮೇಲೆ ಹೋಗಿ ಬಾಗಿಲು ಬಡಿದರೆ ಅನುಮಾನವಷ್ಟೇ ಸಿಗುವುದು. ಬಾಟಲಿ ತರುವ ಗೆಳೆಯನನ್ನು ಈ ಹಂತದಲ್ಲೇ ತಂಡದಿಂದ ಬಿಡುವುದು ಒಳ್ಳೆಯದು.

## 3. ತಂಡ ಕಟ್ಟುವುದು

ನಾಲ್ಕಕ್ಕಿಂತ ಕಡಿಮೆ, ಆರಕ್ಕಿಂತ ಹೆಚ್ಚು ಜನ ಬೇಡ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಅವರ ಬಳಿ ಕೂತು, ಇಬ್ಬರು ಸಹಾಯ ತರಲು ಹೋಗಬೇಕಾದ್ದರಿಂದ ನಾಲ್ಕು ಎಂಬ ಕನಿಷ್ಠ ಸಂಖ್ಯೆ. ಮುಂದೆ ನಡೆಯುವವರು, ಕೊನೆಯಲ್ಲಿ ನಡೆಯುವವರು, ನೀರಿನ ಲೆಕ್ಕ ಇಡುವವರು, ಔಷಧದ ಡಬ್ಬಿ ಹೊರುವವರು ಯಾರೆಂದು ಮನೆಯಲ್ಲೇ ನಿಗದಿಯಾಗಬೇಕು. ಸಕ್ಕರೆ ಕಾಯಿಲೆ, ಉಬ್ಬಸ, ಜೇನು ಕಡಿದರೆ ಮೈ ಊದಿಕೊಳ್ಳುವ ಅಲರ್ಜಿ ಯಾರಿಗಿದೆ ಎಂಬುದನ್ನು ಉಳಿದವರೆಲ್ಲ ತಿಳಿದಿರಬೇಕು; ಸಂಕೋಚದಿಂದ ಮುಚ್ಚಿಟ್ಟ ಕಾಯಿಲೆ ಕಾಡಿನಲ್ಲಿ ಇಡೀ ತಂಡದ ತೊಂದರೆಯಾಗುತ್ತದೆ.

## 4. ದಾರಿಯನ್ನು ಗುರುತಿಸುವುದು

ದಾರಿಯ ಕೆಲಸ ಶುರುವಾಗುವುದು ಇಲ್ಲಿಂದ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಅದರ ಮುದ್ರಿತ ಪ್ರತಿಯ ಮೇಲೆ ನೀರು, ಠಿಕಾಣಿ, ಹತ್ತಿರದ ಟಾರು ರಸ್ತೆ, ಆಸ್ಪತ್ರೆ ಇರುವ ಊರುಗಳನ್ನು ಗುರುತು ಮಾಡಿ, ಮೊಬೈಲಿನಲ್ಲಿಯೂ ನೆಟ್‌ವರ್ಕ್ ಇಲ್ಲದೆ ತೆರೆಯುವ ನಕ್ಷೆಯನ್ನು ಇಳಿಸಿಕೊಳ್ಳಿ.

ಬಯಲಿನ ಬಂಡಿದಾರಿಯಲ್ಲಿ ಚೀಲ ಹೊತ್ತ ತಂಡ ಗಂಟೆಗೆ 3 ಕಿಲೋಮೀಟರ್, ಕಲ್ಲು ಮತ್ತು ಜಾಲಿ ಮುಳ್ಳಿನ ಗುಡ್ಡದಲ್ಲಿ 2 ಕಿಲೋಮೀಟರ್ ನಡೆಯುತ್ತದೆ. ಮೊದಲ ದಿನ 8, ಎರಡನೆಯ ದಿನ 10, ಮೂರನೆಯ ದಿನ 6 ಕಿಲೋಮೀಟರ್ ಸಾಕು. ಹುರುಪಿನಲ್ಲಿ ಮೊದಲ ದಿನವೇ 18 ಕಿಲೋಮೀಟರ್ ಹಾಕಿಕೊಳ್ಳುವುದು ಪದೇಪದೇ ಕಾಣುವ ತಪ್ಪು. ಆ ದಿನ ಏನೂ ಆಗುವುದಿಲ್ಲ. ಮಾರನೆಯ ಬೆಳಿಗ್ಗೆ ಮೊಣಕಾಲು ಮಡಚಲು ಬರುವುದಿಲ್ಲ.

## 5. ತಾಲೀಮು

ಹೊರಡುವ ಮೊದಲಿನ ಮೂರು ವಾರಗಳಲ್ಲಿ, ಚಾರಣಕ್ಕೆ ಒಯ್ಯುವಷ್ಟೇ ಭಾರದ ಚೀಲ ಹೊತ್ತು, ಚಾರಣಕ್ಕೆ ಹಾಕುವ ಬೂಟನ್ನೇ ಹಾಕಿಕೊಂಡು, ಎಲ್ಲರೂ ಒಟ್ಟಿಗೆ ಊರಾಚೆಯ ಹೊಲದ ದಾರಿಯಲ್ಲಿ 8–10 ಕಿಲೋಮೀಟರ್ ನಡೆಯಬೇಕು. ಶನಿವಾರ ನಡೆದು, ಭಾನುವಾರ ಮತ್ತೆ ಅಷ್ಟೇ ನಡೆಯುವುದು ಮುಖ್ಯ. ನೋಯುವ ಕಾಲಿನಲ್ಲಿ ನಡೆಯುವುದು ಹೇಗಿರುತ್ತದೆ ಎಂಬುದು ಭಾನುವಾರ ತಿಳಿಯುತ್ತದೆ. ತಂಡದಲ್ಲಿ ಎಲ್ಲರಿಗಿಂತ ನಿಧಾನ ಯಾರು ಎಂಬುದೂ ಆಗಲೇ ಗೊತ್ತಾಗುವುದರಿಂದ, ದಿನದ ಲೆಕ್ಕವನ್ನು ಅವರ ವೇಗಕ್ಕೆ ತಿದ್ದಿಕೊಳ್ಳಬಹುದು.

## 6. ಚೀಲದಲ್ಲಿ ಏನಿರಬೇಕು

ನೀರೂ ಸೇರಿ ಚೀಲದ ತೂಕ ಹೊರುವವರ ಮೈತೂಕದ ಐದನೆಯ ಒಂದು ಭಾಗ ಮೀರದಿರಲಿ. 60 ಕಿಲೋ ತೂಗುವವರಿಗೆ ಇದು 12 ಕಿಲೋ. ತೂಕದ ವಸ್ತುಗಳು ಬೆನ್ನಿಗೆ ತಾಗಿ ನಡುಭಾಗದಲ್ಲಿರಬೇಕು.

ಬೂಟಿನ ಅಡಿ ದಪ್ಪಗಿರಬೇಕು. ಬಳ್ಳಾರಿ ಜಾಲಿಯ ಮುಳ್ಳು ಓಡುವ ಬೂಟಿನ ಮೆತ್ತನೆಯ ಅಡಿಯನ್ನು ಸಲೀಸಾಗಿ ದಾಟಿ ಬರುತ್ತದೆ, ಹೀಗಾಗಿ ಚಿಮಟವೂ ಬೇಕು. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ ಅಥವಾ ಟವೆಲ್ಲು, ನಾಲ್ಕು ಜೊತೆ ಕಾಲುಚೀಲ, ಸೊಳ್ಳೆಪರದೆ ಅಥವಾ ಜಿಪ್ ಪೂರ್ತಿ ಮುಚ್ಚುವ ಟೆಂಟು, ತಲೆಗೆ ಕಟ್ಟುವ ಟಾರ್ಚು, ಸೀಟಿ, ಎದೆಯೆತ್ತರದ ಬಿದಿರು ಕೋಲು, 10 ಮೀಟರ್ ಹಗ್ಗ, ಓಆರ್‌ಎಸ್ ಪೊಟ್ಟಣ, ಬ್ಯಾಂಡೇಜು, ಪವರ್ ಬ್ಯಾಂಕ್ ಇರಲಿ. ಡಿಸೆಂಬರಿನ ರಾತ್ರಿ ಚಿಂಚೋಳಿ ಮತ್ತು ಬೀದರ ಕಡೆ ಚಳಿ ಚೆನ್ನಾಗಿಯೇ ಇರುವುದರಿಂದ ಒಂದು ಸ್ವೆಟರು ಬಿಡಬೇಡಿ. ಜೀನ್ಸ್ ಪ್ಯಾಂಟು ಒದ್ದೆಯಾದರೆ ಒಣಗುವುದಿಲ್ಲ, ಅದು ಮನೆಯಲ್ಲೇ ಇರಲಿ.

## 7. ಬುತ್ತಿ

ಈ ವಿಷಯದಲ್ಲಿ ನಮ್ಮ ಭಾಗದವರು ಅಂಗಡಿಯ ನೂಡಲ್ಸಿಗೆ ಕೈಹಾಕುವುದು ನನಗೆ ಅರ್ಥವಾಗದ ಸಂಗತಿ. ಖಡಕ್ ಜೋಳದ ರೊಟ್ಟಿ ಹಗುರ, ವಾರಗಟ್ಟಲೆ ಕೆಡುವುದಿಲ್ಲ, ಬೇಯಿಸಲು ನೀರೂ ಬೇಡ, ಗ್ಯಾಸೂ ಬೇಡ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಬೆಲ್ಲ, ಪುಟಾಣಿ, ಅಂಟಿನ ಉಂಡೆ, ಶೇಂಗಾ ಹೋಳಿಗೆಗಳನ್ನು ದಿನದ ಲೆಕ್ಕದಲ್ಲಿ ಬೇರೆಬೇರೆ ಪೊಟ್ಟಣ ಕಟ್ಟಿ, ಮೇಲೆ ದಿನ ಬರೆಯಿರಿ. ರೊಟ್ಟಿ ಪುಡಿಯಾಗದಂತೆ ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡಬೇಕು. ರಾತ್ರಿ ಠಿಕಾಣಿಯಲ್ಲಿ ಮಾತ್ರ ಒಂದು ಬಿಸಿ ಅಡುಗೆ, ತೊಗರಿಬೇಳೆ ಹಾಕಿದ ಖಿಚಡಿ, ಸಾಕಾಗುತ್ತದೆ. ಉಪ್ಪು–ಖಾರದ ಹಿಂಡಿ ಹೆಚ್ಚು ತಿಂದ ದಿನ ನೀರು ಹೆಚ್ಚು ಬೇಕಾಗುತ್ತದೆ ಎಂಬುದನ್ನು ನೀರಿನ ಲೆಕ್ಕ ಇಡುವವರು ನೆನಪಿಡಲಿ.

## 8. ನಡೆಯುವ ದಿನದ ಕ್ರಮ

ಬೆಳಿಗ್ಗೆ 6:30ಕ್ಕೆ ಹೊರಟು 11 ಗಂಟೆಯೊಳಗೆ ದಿನದ ಮುಕ್ಕಾಲು ದಾರಿ ಮುಗಿಸಬೇಕು. ಮಧ್ಯಾಹ್ನ 3ರವರೆಗೆ ನೀರಿನ ಬಳಿ ನೆರಳಿನಲ್ಲಿ ವಿಶ್ರಾಂತಿ, ಆಮೇಲೆ ಉಳಿದ ದಾರಿ. 5 ಗಂಟೆಗೆ ಠಿಕಾಣಿಯಲ್ಲಿರಬೇಕು. ಚಳಿಗಾಲದಲ್ಲಿ 6ರ ಸುಮಾರಿಗೆ ಹೊತ್ತು ಮುಳುಗುವುದರಿಂದ ಉಳಿಯುವ ಒಂದು ಗಂಟೆ ನೀರು ತರಲು ಮತ್ತು ಟೆಂಟು ಹಾಕಲು ಬೇಕೇ ಬೇಕು.

ಗಂಟೆಗೊಮ್ಮೆ ಹತ್ತು ನಿಮಿಷ ಕೂತು, ಬೂಟು ಬಿಚ್ಚಿ ಪಾದ ನೋಡಿಕೊಳ್ಳಿ. ಬೊಬ್ಬೆ ಏಳುವ ಮೊದಲು ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ಆಗಲೇ ಅಂಟುಪಟ್ಟಿ ಹಚ್ಚಿದರೆ ತೊಂದರೆ ಅಲ್ಲಿಗೇ ಮುಗಿಯುತ್ತದೆ. "ಇನ್ನರ್ಧ ಗಂಟೆ ನಡೆದು ನೋಡೋಣ" ಎಂದವರೇ ಮರುದಿನ ಕುಂಟುವುದು.

ಹಾದಿ ಕವಲೊಡೆಯುವ ಪ್ರತಿ ಜಾಗದಲ್ಲಿ ಕೊನೆಯವರು ಬರುವವರೆಗೆ ಮುಂದಿನವರು ನಿಲ್ಲಬೇಕು. ಕುರುಚಲು ಕಾಡಿನಲ್ಲಿ ದನಕರು ಮಾಡಿದ ಹಾದಿ ಚೆನ್ನಾಗಿ ಸವೆದಿದ್ದು, ಎರಡು ಫರ್ಲಾಂಗು ನಡೆದ ಮೇಲೆ ಮುಳ್ಳಿನ ಪೊದೆಯಲ್ಲಿ ಇದ್ದಕ್ಕಿದ್ದಂತೆ ಮುಗಿದುಹೋಗುತ್ತದೆ. ಹಾಗಾದಾಗ ಪೊದೆ ಸೀಳಿಕೊಂಡು ಮುಂದುವರಿಯದೆ, ಬಂದ ಹೆಜ್ಜೆಯಲ್ಲೇ ಹಿಂದಿನ ಕವಲಿಗೆ ಮರಳಬೇಕು. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟರೆ ಬ್ಯಾಟರಿ ಉಳಿಯುತ್ತದೆ, ಆದರೂ ಜಿಪಿಎಸ್ ಕೆಲಸ ಮಾಡುತ್ತದೆ. ಕುಂಚಾವರಂ ಕಡೆ ರಾಜ್ಯದ ಗಡಿ ಹತ್ತಿರವಿರುವುದರಿಂದ ಫೋನು ತೆಲಂಗಾಣದ ಟವರ್ ಹಿಡಿಯುವ ಸಾಧ್ಯತೆಯಿದೆ. ಆದ್ದರಿಂದ 112 ಅಥವಾ 108ಕ್ಕೆ ಕರೆ ಮಾಡಿದಾಗ ಮೊದಲ ಮಾತಿನಲ್ಲೇ ರಾಜ್ಯ, ಜಿಲ್ಲೆ, ತಾಲ್ಲೂಕು, ಹತ್ತಿರದ ಊರು ಹೇಳಿಬಿಡಿ.

## 9. ಕಾಡಿನಲ್ಲಿ ಗಮನಿಸಬೇಕಾದವು

ತೋಳ, ಕತ್ತೆಕಿರುಬಗಳ ಬಗ್ಗೆ ಹೆದರಿ ಬರುವವರು ಹೆಜ್ಜೇನಿನ ಬಗ್ಗೆ ಯೋಚಿಸಿರುವುದಿಲ್ಲ. ಜಲಪಾತದ ಪಕ್ಕದ ಬಂಡೆಯ ಮಗ್ಗುಲು, ಎತ್ತರದ ಮರದ ಕೊಂಬೆ, ಅಣೆಕಟ್ಟಿನ ಗೋಡೆಗಳಲ್ಲಿ ಹುಟ್ಟು ಇರುತ್ತದೆ. ಗೂಡಿನ ಮೇಲಿನ ಜೇನುಗಳು ಒಟ್ಟಿಗೆ ಹೊಟ್ಟೆ ಎತ್ತಿ ಇಳಿಸುವುದರಿಂದ ಕಪ್ಪು ಮೈಮೇಲೆ ಅಲೆಯೊಂದು ಹರಿದು ಹೋದಂತೆ ಕಂಡರೆ ಅವು ನಿಮ್ಮನ್ನು ಗಮನಿಸಿವೆ ಎಂದರ್ಥ. ಒಂದೆರಡು ಜೇನು ಬಂದು ತಲೆಗೆ ಬಡಿದುಹೋದರೆ ಅದು ಕೊನೆಯ ಎಚ್ಚರಿಕೆ. ಕೈ ಬೀಸದೆ, ಕೂಗದೆ, ಬಂದ ದಾರಿಯಲ್ಲಿ ಸರಿಯಬೇಕು. ಜೇನು ಎದ್ದೇ ಬಿಟ್ಟರೆ ಮುಖ ಮುಚ್ಚಿಕೊಂಡು ದೂರ ಓಡಬೇಕು. ನೀರಿಗೆ ಹಾರಿದರೆ ತಲೆ ಎತ್ತುವವರೆಗೆ ಅವು ಕಾಯುತ್ತವೆ. ಹೊಗೆ, ಸೆಂಟು, ಜೋರು ಪಟಾಕಿ ಸದ್ದುಗಳು ಅವನ್ನು ಕೆರಳಿಸುತ್ತವೆ.

ಹಾವಿನ ವಿಷಯದಲ್ಲಿ, ಈ ಕಲ್ಲುಗುಡ್ಡಗಳಲ್ಲಿ ಗರಗಸ ಮಂಡಲ, ಹೊಲದಂಚಿನಲ್ಲಿ ಕೊಳಕು ಮಂಡಲ ಮತ್ತು ನಾಗರಹಾವು, ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಟ್ಟು ಹಾವು ಅಪಾಯಕಾರಿ. ಕಟ್ಟು ಹಾವು ಕಚ್ಚಿದ್ದು ಎಷ್ಟೋ ಸಲ ನೋವೇ ಆಗದೆ ಗೊತ್ತಾಗುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟವಾಗುವುದು ಅದರ ಲಕ್ಷಣ. ಕಚ್ಚಿದ ಜಾಗ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಉಂಗುರ, ಬಳೆ, ವಾಚು ತೆಗೆದು, ಕೈಕಾಲಿಗೆ ಕೋಲಿನ ಆಸರೆ ಕೊಟ್ಟು ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತುಕೊಂಡು ರಸ್ತೆಗೆ ತಂದು ಆಸ್ಪತ್ರೆ ಸೇರಿಸಬೇಕು. ಹಾವಿನ ವಿಷದ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಮೊದಲೇ ವಿಚಾರಿಸಿಟ್ಟಿರಬೇಕು.

ಕಾಡಂಚಿನ ಹೊಲಗಳಲ್ಲಿ ಹಂದಿ ಕಾಟಕ್ಕೆ ಬೇಲಿಗೆ ಕರೆಂಟು ಬಿಡುವವರೂ ಇರುತ್ತಾರೆ. ಮುಸ್ಸಂಜೆಯ ನಂತರ ತೊಗರಿ ಹೊಲದ ಒಳದಾರಿ ಹಿಡಿಯಲೇಬಾರದು. ಕುರಿಹಟ್ಟಿಯ ನಾಯಿ ಎದುರಾದರೆ ಓಡದೆ ನಿಂತು ಕುರುಬರನ್ನು ಕೂಗಿ.

## 10. ಜೌಗಿನಲ್ಲಿ ನಡೆಯುವುದು

ಬೋನಾಳದಂಥ ಕೆರೆಯಂಚಿನಲ್ಲಿ ನೆಲವೇ ಮೋಸ ಮಾಡುತ್ತದೆ. ನೀರು ಹಿಂದೆ ಸರಿದ ಎರೆ ಮಣ್ಣು ಮೇಲೆ ಒಣಗಿ, ಹಪ್ಪಳದಂತೆ ಬಿರುಕು ಬಿಟ್ಟು, ಗಟ್ಟಿಯಾಗಿ ಕಾಣುತ್ತದೆ; ಅದರ ಕೆಳಗೆ ಮೊಣಕಾಲುದ್ದ ರಾಡಿ ಇರುತ್ತದೆ. ಬಿರುಕಿನಲ್ಲಿ ಬಿದಿರು ಕೋಲನ್ನು ಊರಿ ನೋಡಿ: ಒಂದು ಗೇಣಿನೊಳಗೆ ತಡೆ ಸಿಕ್ಕರೆ ಹೆಜ್ಜೆ ಇಡಬಹುದು, ಕೋಲು ತಡೆಯಿಲ್ಲದೆ ಇಳಿದರೆ ಅದು ದಾರಿಯಲ್ಲ. ಬಿರುಕಿನ ಅಂಚುಗಳು ಹೊಳೆಯುವಂತೆ ಕಪ್ಪಾಗಿರುವುದು, ದನದ ಹೆಜ್ಜೆ ಗುರುತಿನಲ್ಲಿ ನೀರು ತುಂಬಿರುವುದು, ಆಪು ಹುಲ್ಲು ದಟ್ಟವಾಗಿರುವುದು ಹುದುಲಿನ ಲಕ್ಷಣಗಳು. ಸಾಧ್ಯವಿದ್ದಷ್ಟೂ ಕೆರೆಯ ಏರಿಯ ಮೇಲೆಯೇ ನಡೆಯಬೇಕು.

ಜೌಗಿಗೆ ಇಳಿಯಲೇಬೇಕಾದರೆ ಒಬ್ಬರ ಹಿಂದೆ ಒಬ್ಬರು ಐದಾರು ಹೆಜ್ಜೆ ಅಂತರದಲ್ಲಿ, ಚೀಲದ ಸೊಂಟದ ಪಟ್ಟಿ ಮತ್ತು ಎದೆಯ ಪಟ್ಟಿಗಳನ್ನು ಬಿಚ್ಚಿಕೊಂಡು ನಡೆಯಿರಿ. ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಕಾಲು ಹೂತರೆ ಇನ್ನೊಂದು ಕಾಲಿನಿಂದ ಒತ್ತಿ ಮೇಲೇಳಲು ಹೋದಷ್ಟೂ ಎರಡೂ ಹೂಳುತ್ತವೆ. ಚೀಲ ಬಿಸಾಡಿ, ಹಿಂದಕ್ಕೆ ಒರಗಿ, ಕೋಲನ್ನು ಅಡ್ಡ ಇಟ್ಟು ಅದರ ಮೇಲೆ ಭಾರ ಹಾಕಿ, ಹೂತ ಕಾಲನ್ನು ನಿಧಾನವಾಗಿ ಅಲುಗಿಸುತ್ತ ಎಳೆದುಕೊಳ್ಳಬೇಕು. ಉಳಿದವರು ಬಳಿಗೆ ಓಡದೆ ಗಟ್ಟಿ ನೆಲದಿಂದ ಹಗ್ಗ ಎಸೆಯಬೇಕು.

ಹರಿಯುವ ನೀರು ಮೊಣಕಾಲು ಮೀರಿದ್ದರೆ ಅಥವಾ ಕದಡಿ ಕಸಕಡ್ಡಿ ತರುತ್ತಿದ್ದರೆ ದಾಟಬೇಡಿ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟರೆ ಕೆಳಗಿನ ಕೃಷ್ಣೆಯ ಪಾತ್ರದ ಮಟ್ಟ ಏರುತ್ತದೆ, ಜೊತೆಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ನದಿಯ ದಂಡೆಯಲ್ಲಿ ಸ್ನಾನದ ಆಸೆ ಬೇಡ.

ಹಕ್ಕಿಗಳ ವಿಷಯದಲ್ಲಿಯೂ ಎಚ್ಚರಿಕೆಯ ಗುರುತು ಇದೆ. ಚಳಿಗಾಲಕ್ಕೆ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇಯುವುದನ್ನು ನಿಲ್ಲಿಸಿ ಕತ್ತು ನೆಟ್ಟಗೆ ಮಾಡಿ ಎಲ್ಲವೂ ಒಂದೇ ಕಡೆ ನೋಡತೊಡಗಿದರೆ ನೀವು ಅತಿ ಹತ್ತಿರ ಬಂದಿದ್ದೀರಿ. ಅಲ್ಲಿಯೇ ಕೂತು, ಅವು ತಲೆ ತಗ್ಗಿಸಿದ ಮೇಲೆ ಹಿಂದೆ ಸರಿಯಬೇಕು. ಶೌಚಕ್ಕೆ ನೀರಿನಿಂದ ಕನಿಷ್ಠ ಎಪ್ಪತ್ತು ಹೆಜ್ಜೆ ದೂರ ಹೋಗಿ ಗೇಣುದ್ದ ಗುಂಡಿ ತೋಡಿ ಮುಚ್ಚಿ.

## 11. ಚಾರಣ ನಿಲ್ಲಿಸಬೇಕಾದ ಲಕ್ಷಣಗಳು

ಮೂತ್ರ ಗಾಢ ಹಳದಿಯಾಗುವುದು, ತಲೆನೋವು, ಓಕರಿಕೆ, ಮೀನಖಂಡ ಹಿಡಿದುಕೊಳ್ಳುವುದು ಕಂಡರೆ ನೆರಳಿನಲ್ಲಿ ಕೂರಿಸಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್ ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಪೊಟ್ಟಣ ಮುಗಿದಿದ್ದರೆ ಒಂದು ಲೀಟರಿಗೆ ಆರು ಸಪಾಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಾತು ತೊದಲುವುದು, ಎಲ್ಲಿದ್ದೇನೆಂದು ತಿಳಿಯದಿರುವುದು, ಮೈ ಸುಡುವುದು ಬಿಸಿಲಾಘಾತದ ಲಕ್ಷಣ. ಬಾಯಿಗೆ ನೀರು ಹಾಕದೆ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಬೇಕು.

ಇವಲ್ಲದೆ, ಮಧ್ಯಾಹ್ನದ ನೀರಿನ ಜಾಗ ಬತ್ತಿದ್ದರೆ, ಒಬ್ಬರು ಎರಡು ಸಲ ಹಿಂದೆ ಉಳಿದರೆ, ಮೇಲ್ಭಾಗದಲ್ಲಿ ಗುಡುಗು ಕೇಳಿದರೆ ಹತ್ತಿರದ ಊರಿಗೆ ತಿರುಗುವುದೆಂದು ಮನೆಯಲ್ಲೇ ಒಪ್ಪಂದವಾಗಿರಲಿ. ಸುಸ್ತಾದ ತಲೆಗಳು ದಾರಿಯಲ್ಲಿ ಕೂತು ಇದನ್ನು ಚರ್ಚಿಸಿದರೆ ಜಗಳವಾಗುತ್ತದೆಯೇ ಹೊರತು ತೀರ್ಮಾನವಾಗುವುದಿಲ್ಲ.

## 12. ಮರಳಿದ ಮೇಲೆ

ಕಾಡಿನಿಂದ ಹೊರಬಂದ ಕೂಡಲೇ ಅರಣ್ಯ ಕಚೇರಿಗೆ ಮತ್ತು ಮನೆಯಲ್ಲಿರುವ ಸಂಪರ್ಕದವರಿಗೆ ತಿಳಿಸಿ. ಇಲ್ಲದಿದ್ದರೆ ಅವರು ಹುಡುಕಾಟಕ್ಕೆ ಹೊರಡಬೇಕಾದೀತು. ಅಂದು ಸಂಜೆಯೇ ಕಂಕುಳು, ತೊಡೆಸಂದು, ಮೊಣಕಾಲ ಹಿಂಬದಿಯಲ್ಲಿ ರಕ್ತ ಹೀರುವ ಉಣ್ಣೆ ಹುಳು ಅಂಟಿದೆಯೇ ಎಂದು ನೋಡಿ, ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿ ಹಿಡಿದು ನೇರವಾಗಿ ಎಳೆಯಬೇಕು. ಗಾಯವಿದ್ದ ಕಾಲಿನಲ್ಲಿ ಕೆರೆಯ ರಾಡಿ ತುಳಿದವರಿಗೆ ಮುಂದಿನ ಎರಡು ವಾರಗಳಲ್ಲಿ, ಕೆಲವೊಮ್ಮೆ ತಿಂಗಳೊಳಗೆ, ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸಿಕೊಂಡರೆ ಅದು ಇಲಿಜ್ವರವಾಗಿರಬಹುದು. ಜ್ವರದ ಮಾತ್ರೆ ನುಂಗಿ ಕೂರದೆ ವೈದ್ಯರನ್ನು ಕಂಡು, ಯಾವ ದಿನ ಯಾವ ನೀರಿನಲ್ಲಿ ಇಳಿದಿದ್ದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.